ಎರಡು ಅಂಕ ಕಡಿಮೆ ಬಂತು, ಗಿಫ್ಟೆಡ್ ಪ್ರೋಗ್ರಾಂ ಇಲ್ಲ ಅಂದ್ರು. ಶಾಲೆಯವರನ್ನ ಈಗ ಏನಂತ ಕೇಳೋದು?

ಸೆಕೆಂಡ್‌ಗ್ರೇಡ್_ಅಮ್ಮ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪಬ್ಲಿಕ್ ಶಾಲೆಗಳ ವ್ಯವಹಾರ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ಮಗಳು ಸೆಕೆಂಡ್ ಗ್ರೇಡ್. ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಈ ಭಾಗದ ಶಾಲೆಗಳನ್ನ ನಡೆಸೋ ಆಡಳಿತ) ಈ ಗ್ರೇಡಿನ ಎಲ್ಲ ಮಕ್ಕಳಿಗೂ ಕಾಗ್ಯಾಟ್ ಅನ್ನೋ ಬುದ್ಧಿಶಕ್ತಿಯ ಟೆಸ್ಟ್ ಕೊಡುತ್ತಾರೆ. ಮೊನ್ನೆ ರಿಸಲ್ಟ್ ಬಂತು. ವರ್ಬಲ್ (ಭಾಷೆ) 112, ಕ್ವಾಂಟಿಟೇಟಿವ್ (ಲೆಕ್ಕ) 138, ನಾನ್‌ವರ್ಬಲ್ (ಆಕಾರ, ನಮೂನೆ) 131. ಮೂರೂ ಸೇರಿದ ಕಾಂಪೊಸಿಟ್ 130. ಗಿಫ್ಟೆಡ್ ಪ್ರೋಗ್ರಾಂ, ಅಂದ್ರೆ ಚುರುಕಾದ ಮಕ್ಕಳಿಗೆ ಅಂತ ಇರೋ ವಿಶೇಷ ಪಾಠ, ಅದಕ್ಕೆ ಕಟ್-ಆಫ್ 132. ಹಾಗಾಗಿ ಈ ಸಲ ಆಯ್ಕೆ ಆಗಿಲ್ಲ ಅಂತ ಒಂದು ಕಾಗದ ಬಂತು, ಅಷ್ಟೇ. ಸ್ಕೋರಿನ ಪಕ್ಕ "9ಇ, ವಿ ಮೈನಸ್" ಅಂತ ಏನೋ ಕೋಡ್ ಇದೆ. ಅದೇನು ಅಂತ ಕೇಳಿದರೆ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ನಿಜ ಹೇಳಬೇಕಂದ್ರೆ ಸ್ಕೋರಿಗಿಂತ ಜಾಸ್ತಿ ತಲೆಬಿಸಿ ಆಗಿರೋದು ಗಣಿತದ ಕ್ಲಾಸಿನದ್ದು. ಅಲ್ಲಿ ಈಗ ಎರಡಂಕಿ ಸಂಖ್ಯೆ ಕೂಡೋದು, ಕಳೆಯೋದು ನಡೀತಾ ಇದೆ. ಇವಳಿಗೆ ಅದು ಬಂದು ಎಷ್ಟೋ ಕಾಲ ಆಯ್ತು. ಹೋದ ವಾರ ಮನೆಗೆ ಬಂದ ಒಂದು ವರ್ಕ್‌ಶೀಟ್ ನೋಡಿದೆ. ಮುಂದಿನ ಪುಟದಲ್ಲಿ ಲೆಕ್ಕ ಎಲ್ಲಾ ಸರಿ, ಸ್ಟಿಕ್ಕರ್ ಅಂಟಿಸಿದ್ದಾರೆ. ಹಿಂದಿನ ಪುಟದಲ್ಲಿ ಇವಳು ಚುಕ್ಕಿ ಇಟ್ಟು ಚೌಕ ಮಾಡಿದ್ದಾಳೆ: 1, 4, 9, 16, 25. ಕೆಳಗೆ 3, 5, 7, 9 ಅಂತ ಬರೆದು, ಮುಂದಕ್ಕೆ ಒಂದು ಪ್ರಶ್ನೆ ಚಿಹ್ನೆ. ಅದರ ಪಕ್ಕದಲ್ಲಿ ಟೀಚರ್ ಬರೆದಿರೋದು ಒಂದೇ ಸಾಲು, ದಯವಿಟ್ಟು ಹಾಳೆಯ ಹಿಂದೆ ಬರೆಯಬೇಡ ಅಂತ.

ಬೇಗ ಮುಗಿಸಿದರೆ ಅದೇ ಥರದ ಇನ್ನೊಂದು ಶೀಟ್ ಕೊಡುತ್ತಾರಂತೆ. ಇಲ್ಲಾಂದ್ರೆ ಪಕ್ಕದ ಮಕ್ಕಳಿಗೆ ಹೇಳಿಕೊಡು ಅಂತಾರಂತೆ. ಈಗ ಇವಳು ಬೇಕಂತಲೇ ನಿಧಾನ ಮಾಡೋದು ಕಲಿತಿದ್ದಾಳೆ. "ಬೇಗ ಮುಗಿಸಿದ್ರೆ ಇನ್ನೊಂದು ಕೊಡ್ತಾರಮ್ಮಾ" ಅಂತ ಅವಳೇ ಹೇಳಿದಳು.

ಅಪೀಲ್ ಹಾಕಬೇಕಾ? ಹೊರಗಡೆ ದುಡ್ಡು ಕೊಟ್ಟು ಐಕ್ಯೂ ಟೆಸ್ಟ್ ಮಾಡಿಸಬೇಕಾ? ನಮ್ಮನೆಯವರು, ಎರಡನೇ ಕ್ಲಾಸಿನ ಮಗುಗೆ ಇಷ್ಟೆಲ್ಲ ಯಾಕೆ, ಸುಮ್ನೆ ಬಿಡು ಅಂತಾರೆ. ನನಗೂ ಒಂದೊಂದು ಸಲ ಹಾಗೇ ಅನ್ಸುತ್ತೆ, ಆದ್ರೆ ಆ ಹಾಳೆ ನೋಡಿದಮೇಲೆ ಸುಮ್ಮನಿರೋಕೆ ಆಗ್ತಿಲ್ಲ.

ಕ್ಲಾಸ್‌ರೂಂ_ಕಡೆಯಿಂದ

ಮೇಡಂ, ನಾನು ಬೇರೆ ರಾಜ್ಯದ ಪಬ್ಲಿಕ್ ಶಾಲೆಯಲ್ಲಿ ಗಿಫ್ಟೆಡ್ ಟೀಚರ್. ಸ್ವಲ್ಪ ಉದ್ದ ಬರೀತೀನಿ, ಓದಿಕೊಳ್ಳಿ.

ಮೊದಲು ಆ ಕೋಡ್. 9 ಅನ್ನೋದು ಒಂದರಿಂದ ಒಂಬತ್ತರ ಅಳತೆಯಲ್ಲಿ ಮಗಳ ಮೂರು ಸ್ಕೋರುಗಳ ಪೈಕಿ ನಡುವಿನದ್ದು ಎಲ್ಲಿ ನಿಲ್ಲುತ್ತೆ ಅಂತ. ಒಂಬತ್ತಕ್ಕಿಂತ ಮೇಲೆ ಇಲ್ಲ. "ಇ" ಅಂದ್ರೆ ಮೂರರಲ್ಲಿ ಯಾವುದೋ ಎರಡು ಸ್ಕೋರಿನ ಮಧ್ಯೆ 24 ಅಥವಾ ಅದಕ್ಕಿಂತ ಜಾಸ್ತಿ ಅಂತರ ಇದೆ ಅಂತ. ನಿಮ್ಮ ಮಗಳದು 138 ಮತ್ತು 112, ಅಂತರ 26. "ವಿ ಮೈನಸ್" ಅಂದ್ರೆ ಅವಳದೇ ಉಳಿದೆರಡಕ್ಕೆ ಹೋಲಿಸಿದರೆ ವರ್ಬಲ್ ಕೆಳಗಿದೆ ಅಂತ. ಹಾಗಂತ 112 ಕಡಿಮೆ ಏನಲ್ಲ. ಅವಳ ವಯಸ್ಸಿನ ನೂರು ಮಕ್ಕಳಲ್ಲಿ ಎಪ್ಪತ್ತೇಳು ಮಕ್ಕಳಿಗಿಂತ ಮೇಲಿದ್ದಾಳೆ. ಮನೆಯಲ್ಲಿ ಕನ್ನಡ ಮಾತಾಡೋ ಮಕ್ಕಳ ರಿಪೋರ್ಟಿನಲ್ಲಿ ಈ ವಿ ಮೈನಸ್ ನಾನು ತುಂಬಾ ನೋಡಿದ್ದೀನಿ. ಅದಕ್ಕೆ ಗಾಬರಿ ಬಿದ್ದು ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ, ದಯವಿಟ್ಟು.

ಈ ಥರ ಏರುಪೇರು ಇರೋ ರಿಪೋರ್ಟಿಗೆ ಕಾಂಪೊಸಿಟ್ ಒಂದನ್ನೇ ನೋಡಿ ಹೌದು ಇಲ್ಲ ಅನ್ನೋದು ಸರಿಯಲ್ಲ. ಕಾಗ್ಯಾಟಿನಲ್ಲಿ 138 ಅಂದ್ರೆ 99ನೇ ಪರ್ಸೆಂಟೈಲ್, ಅಂದ್ರೆ ನೂರರಲ್ಲಿ 99 ಮಕ್ಕಳಿಗಿಂತ ಮೇಲೆ. ಅದು ಮೂರರ ಲೆಕ್ಕದಲ್ಲಿ ಮುಳುಗಿ ಹೋಗಿದೆ. ಇನ್ನೂ ಒಂದು ಮಾತು. ಒಂದೇ ಮಗು ಇನ್ನೊಂದು ದಿನ ಬರೆದರೆ ನಾಲ್ಕೈದು ಅಂಕ ಆಚೀಚೆ ಆಗೋದು ಸಹಜ. 130ಕ್ಕೂ 132ಕ್ಕೂ ಅಂಥಾ ವ್ಯತ್ಯಾಸ ಏನೂ ಇಲ್ಲ. ನಿಮ್ಮ ಡಿಸ್ಟ್ರಿಕ್ಟ್ 132 ಯಾಕಿಟ್ಟಿದೆ ಅಂದ್ರೆ ಈ ಟೆಸ್ಟಿನಲ್ಲಿ 98ನೇ ಪರ್ಸೆಂಟೈಲ್ ಅಲ್ಲಿಂದ ಶುರು. ವಿಸ್ಕ್ ಥರದ ಒಬ್ಬೊಬ್ಬರನ್ನೇ ಕೂರಿಸಿ ಮಾಡೋ ಐಕ್ಯೂ ಟೆಸ್ಟಿನಲ್ಲಿ ಅದೇ ಜಾಗ 130. ಅದಕ್ಕೇ ಒಂದು ಟೆಸ್ಟಿನ ಅಂಕ ಇನ್ನೊಂದರ ಪಕ್ಕ ಇಟ್ಟು ಜನ ಗೊಂದಲ ಮಾಡಿಕೊಳ್ಳೋದು.

ಈಗ ಕಾನೂನು. ಅಂಗವೈಕಲ್ಯ ಇರೋ ಮಕ್ಕಳಿಗೆ ಇಡೀ ದೇಶಕ್ಕೆ ಅನ್ವಯಿಸೋ ಕಾನೂನಿದೆ, ಐಡಿಇಎ. ಗಿಫ್ಟೆಡ್ ಮಕ್ಕಳಿಗೆ ಅಂಥದ್ದು ಯಾವುದೂ ಇಲ್ಲ. 1988ರ ಜಾವಿಟ್ಸ್ ಕಾಯ್ದೆ ಇದೆ, ಆದರೆ ಅದು ಸಂಶೋಧನೆಗೆ, ಮಾದರಿ ಯೋಜನೆಗಳಿಗೆ ಅಂತ ಕೊಡೋ ಅನುದಾನ. ಶಾಲೆ ನಿಮ್ಮ ಮಗುವಿಗೆ ಇಂಥದ್ದೇ ಕೊಡಬೇಕು ಅಂತ ಅದು ಹೇಳಲ್ಲ. ಹಾಗಾಗಿ ಎಲ್ಲ ರಾಜ್ಯದ ಕೈಲಿ. ಪೆನ್ಸಿಲ್ವೇನಿಯಾದಲ್ಲಿ ಗಿಫ್ಟೆಡ್ ಅಂತ ಗುರುತಿಸಿದ ಮಗುವಿಗೆ ಪ್ರತ್ಯೇಕ ಲಿಖಿತ ಯೋಜನೆ, ಜಿಐಇಪಿ, ಕೊಡಲೇಬೇಕು. ಐಕ್ಯೂ 130 ಬರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಆಚೆ ಇಡೋ ಹಾಗೂ ಇಲ್ಲ. ಕಾನ್ಸಸ್‌ನಲ್ಲಿ ಗಿಫ್ಟೆಡ್ ಅನ್ನೋದು ಸ್ಪೆಷಲ್ ಎಜುಕೇಶನ್ ಒಳಗೇ ಬರುತ್ತೆ. ಜಾರ್ಜಿಯಾದಲ್ಲಿ ಬುದ್ಧಿಶಕ್ತಿ, ಓದಿನ ಸಾಧನೆ, ಸೃಜನಶೀಲತೆ, ಆಸಕ್ತಿ ಅಂತ ನಾಲ್ಕು ಕಡೆಯಿಂದ ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೇ ಅಂತ ತೆಗೆದಿಟ್ಟಿದ್ದ ದುಡ್ಡನ್ನ 2013ರಲ್ಲಿ ಸಾಮಾನ್ಯ ಅನುದಾನದೊಳಗೆ ಸೇರಿಸಿಬಿಟ್ಟರು, ಆಮೇಲೆ ಪ್ರೋಗ್ರಾಂ ಇಟ್ಟುಕೊಳ್ಳೋದು ಬಿಡೋದು ಡಿಸ್ಟ್ರಿಕ್ಟಿನ ಇಷ್ಟ. ಹಾಗಾಗಿ ಬೇರೆ ರಾಜ್ಯದಲ್ಲಿರೋ ನಿಮ್ಮ ಸ್ನೇಹಿತರು ನಮಗೆ ಹಿಂಗೆ ಸಿಕ್ತು ಅಂದ್ರೆ ಅದು ನಿಮಗೆ ನಡೆಯಲ್ಲ. ನಿಮ್ಮ ರಾಜ್ಯದ ಶಿಕ್ಷಣ ಇಲಾಖೆಯ ನಿಯಮ ಹುಡುಕಿ, ಆಮೇಲೆ ಡಿಸ್ಟ್ರಿಕ್ಟಿನ ಪಾಲಿಸಿ ಓದಿ. ಅಪೀಲಿಗೆ ಕೊನೆ ದಿನಾಂಕ ಇರುತ್ತೆ, ಸಾಮಾನ್ಯವಾಗಿ ಬಹಳ ಹತ್ತಿರದಲ್ಲೇ. ಹೊರಗಿನ ಟೆಸ್ಟ್ ಒಪ್ಪಿಕೊಳ್ಳದ ಡಿಸ್ಟ್ರಿಕ್ಟುಗಳು ಬೇಕಾದಷ್ಟಿವೆ. ಅದನ್ನ ಕೇಳಿ ತಿಳ್ಕೊಳ್ಳೋ ತನಕ ಯಾರಿಗೂ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಹೇಳಿದ್ದು ಅಪೀಲಿಗೋಸ್ಕರ. ಆದ್ರೆ ನನ್ನ ಅಸಲು ಮಾತು ಬೇರೆ. ಅಪೀಲ್ ಗೆದ್ದಿರಿ ಅಂತಾನೇ ಇಟ್ಕೊಳ್ಳಿ. ಮಗಳಿಗೆ ಸಿಗೋದೇನು ಅಂತ ವಿಚಾರಿಸಿದ್ದೀರಾ? ಬಹಳ ಶಾಲೆಗಳಲ್ಲಿ ಸಿಗೋದು ಪುಲ್-ಔಟ್. ವಾರಕ್ಕೊಂದು ಸಲ, ಒಂದು ಗಂಟೆಯೋ ಎರಡು ಗಂಟೆಯೋ, ಮಕ್ಕಳನ್ನ ಕ್ಲಾಸಿನಿಂದ ಎಬ್ಬಿಸಿ ನನ್ನಂಥವರ ರೂಮಿಗೆ ಕಳಿಸ್ತಾರೆ. ನಾವು ಲಾಜಿಕ್ ಪಝಲ್ ಮಾಡಿಸ್ತೀವಿ, ಕಡ್ಡಿಯಲ್ಲಿ ಸೇತುವೆ ಕಟ್ಟಿಸ್ತೀವಿ, ಮಕ್ಕಳಿಗೆ ಖುಷಿಯಾಗುತ್ತೆ. ನನಗೂ ಆ ಗಂಟೆ ಇಷ್ಟವೇ. ಆದ್ರೆ ನಿಮ್ಮ ಮಗಳ ತೊಂದರೆ ಇರೋದು ದಿನಾ ನಡೆಯೋ ಗಣಿತದ ಪೀರಿಯಡ್ಡಲ್ಲಿ. ನನ್ನ ರೂಮಿಂದ ವಾಪಸ್ ಹೋದಮೇಲೆ ಅದೇ ಎರಡಂಕಿ ಕಳೆಯೋ ಲೆಕ್ಕ ಅಲ್ಲೇ ಕಾಯ್ತಾ ಇರುತ್ತೆ. ಕೆಲವು ಕಡೆ ಎದ್ದು ಹೋಗಿದ್ದಕ್ಕೆ ತಪ್ಪಿಹೋದ ಶೀಟನ್ನೂ ಆಮೇಲೆ ಮುಗಿಸು ಅಂತಾರೆ.

ಅದಕ್ಕೆ ಮೀಟಿಂಗಿನಲ್ಲಿ ನನ್ನ ಮಗು ಗಿಫ್ಟೆಡ್ ಹೌದೋ ಅಲ್ವೋ ಅಂತ ಶುರು ಮಾಡಬೇಡಿ. ಗಣಿತದ ಬಗ್ಗೆ ಮಾತ್ರ ಕೇಳಿ. ಹೊಸ ಪಾಠ ಶುರು ಮಾಡೋ ಮುಂಚೆ, ಕೊನೆಗೆ ಕೊಡೋ ಟೆಸ್ಟನ್ನ ಇವಳಿಗೆ ಮೊದಲೇ ಕೊಡ್ತೀರಾ? ಅದರಲ್ಲಿ ಬಂದಿರೋದನ್ನ ಬಿಟ್ಟು ಬರದೇ ಇರೋದನ್ನ ಮಾತ್ರ ಕಲಿಸಿ, ಉಳಿದ ಹೊತ್ತಿಗೆ ಬೇರೆ ಕೆಲಸ ಕೊಡ್ತೀರಾ? ಇದಕ್ಕೆ ಶಾಲೆಯವರ ಭಾಷೆಯಲ್ಲಿ ಕಂಪ್ಯಾಕ್ಟಿಂಗ್ ಅಂತಾರೆ, ಜೋಸೆಫ್ ರೆಂಝುಲ್ಲಿ ಮತ್ತು ಅವರ ಜೊತೆಯವರು ಬೆಳೆಸಿದ ವಿಧಾನ. ಈ ಹೆಸರು ಹೇಳಿದರೆ ಪ್ರಿನ್ಸಿಪಾಲ್‌ಗೆ ಗೊತ್ತಾಗುತ್ತೆ. ಅದೂ ಸಾಲದು ಅಂತ ಕಂಡರೆ, ಗಣಿತಕ್ಕೆ ಮಾತ್ರ ಥರ್ಡ್ ಗ್ರೇಡಿಗೆ ಹೋಗಿ ಕೂರಬಹುದಾ ಅಂತ ಕೇಳಿ. ಈ ಎರಡಕ್ಕೂ ಗಿಫ್ಟೆಡ್ ಅನ್ನೋ ಹಣೆಪಟ್ಟಿ ಬೇಕಿಲ್ಲ. ಪ್ರಿನ್ಸಿಪಾಲ್ ಮನಸ್ಸು ಮಾಡಿದರೆ ಸಾಕು. ಮುಂದಿನ ವರ್ಷಕ್ಕೆ, ಗಣಿತದಲ್ಲಿ ಚುರುಕಾಗಿರೋ ನಾಲ್ಕೈದು ಮಕ್ಕಳನ್ನ ಒಂದೇ ಸೆಕ್ಷನ್ನಿಗೆ ಹಾಕ್ತೀರಾ ಅಂತಲೂ ಈಗಲೇ ಕೇಳಿಡಿ. ಸೆಕ್ಷನ್ ಪಟ್ಟಿ ಆದಮೇಲೆ ಯಾರೂ ಕದಲಿಸಲ್ಲ.

ಗೇಟಿನ ಹತ್ತಿರ ನಿಂತು ಟೀಚರ್ ಜೊತೆ ಮಾತಾಡಬೇಡಿ, ಈಮೇಲ್ ಬರೆಯಿರಿ. ಆ ವರ್ಕ್‌ಶೀಟ್ ಎಸೀಬೇಡಿ. ಎರಡೂ ಕಡೆ ಫೋಟೋ ತೆಗೆದು ಮೀಟಿಂಗಿಗೆ ಒಯ್ಯಿರಿ. ಅಪೀಲಿನ ಅರ್ಜಿಗೂ ಅದೇ ಹಾಕಿ. ಟೆಸ್ಟಿನ ಕಾಗದಕ್ಕಿಂತ ಹಿಂದಿನ ಪುಟ ಜಾಸ್ತಿ ಮಾತಾಡುತ್ತೆ.

ಹಳೇ_ಅಪ್ಪ

ನಿಮ್ಮನೆಯವರು ಹೇಳಿದ್ದೇ ಸರಿ ಅಂತೀನಿ ನಾನು, ಬೇಜಾರು ಮಾಡ್ಕೋಬೇಡಿ.

ಏಳು ವರ್ಷದ ಮಗು. ಅದಕ್ಕೆ ಒಂದು ನಂಬರ್, ಒಂದು ಪಟ್ಟ. ನಮ್ಮ ಜನರ ವಾಟ್ಸಾಪ್ ಗುಂಪುಗಳಲ್ಲಿ ಇದೇ ಸುದ್ದಿ, ಯಾರ ಮಗು ಆಯ್ತು, ಯಾರದ್ದು ಆಗಲಿಲ್ಲ, ಯಾವ ಕೋಚಿಂಗ್. ನ್ಯೂಯಾರ್ಕ್ ನಗರದಲ್ಲಿ ವರ್ಷಗಟ್ಟಲೆ ನಾಲ್ಕು ವರ್ಷದ ಮಕ್ಕಳಿಗೆ ಗಿಫ್ಟೆಡ್ ಪರೀಕ್ಷೆ ಇಟ್ಟಿದ್ದರು, ಅದಕ್ಕೂ ಟ್ಯೂಷನ್ ಇತ್ತು. ಇನ್ನೂ ಶೂ ಹಾಕ್ಕೊಳ್ಳೋಕೆ ಬರದ ಮಕ್ಕಳಿಗೆ! 2021ರಲ್ಲಿ ಆ ಪರೀಕ್ಷೆ ನಿಂತಿದ್ದು ಒಳ್ಳೇದೇ ಆಯ್ತು.

ಇನ್ನು ಈ ಟೆಸ್ಟುಗಳ ಯೋಗ್ಯತೆ. 1921ರಲ್ಲಿ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಐಕ್ಯೂ ನೋಡಿ ಸುಮಾರು 1,500 ಮಕ್ಕಳನ್ನ ಆರಿಸಿ, ಬದುಕಿಡೀ ಅವರ ಬೆನ್ನು ಹತ್ತಿದ. ಅವರಲ್ಲಿ ಒಳ್ಳೊಳ್ಳೆ ಪ್ರೊಫೆಸರ್‌ಗಳು, ವಕೀಲರು ಆದರು, ನಿಜ. ಆದರೆ ಒಬ್ಬರಿಗೂ ನೊಬೆಲ್ ಬರಲಿಲ್ಲ. ಟೆಸ್ಟಿನಲ್ಲಿ ಅಂಕ ಸಾಲದೆ ಆಚೆ ಉಳಿದ ಇಬ್ಬರಿಗೆ ಬಂತು. ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಅಲ್ವಾರೆಝ್‌ಗೆ 1968ರಲ್ಲಿ, ಎರಡೂ ಭೌತಶಾಸ್ತ್ರಕ್ಕೇ.

ನನ್ನ ದೊಡ್ಡ ಮಗ ಆ ಪ್ರೋಗ್ರಾಂನಲ್ಲೇ ಬೆಳೆದವನು. ಜಾಣ ಜಾಣ ಅಂತ ಕೇಳಿ ಕೇಳಿ, ಕಷ್ಟದ ಲೆಕ್ಕ ಬಂದ್ರೆ ಮುಟ್ಟೋಕೇ ಹೆದರುತ್ತಿದ್ದ, ತಪ್ಪಾದ್ರೆ ಜಾಣ ಅಲ್ಲ ಅಂತಾಗುತ್ತಲ್ಲ ಅಂತ. ಚಿಕ್ಕವನನ್ನ ಕಳಿಸಲಿಲ್ಲ. ಅವನೂ ಚೆನ್ನಾಗೇ ಇದ್ದಾನೆ. ಮನೆಯಲ್ಲಿ ಪುಸ್ತಕ ಇರಲಿ, ನೀವೇ ಕೂತು ನಾಲ್ಕು ಲೆಕ್ಕ ಮಾಡಿಸಿ. ಸಾಕು.

ಅಂಕಿಅಂಶ_ಪ್ರಿಯ

ಹಳೇ_ಅಪ್ಪ ಸರ್, ಕೋಚಿಂಗ್ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಟರ್ಮನ್ ಕಥೆಯಿಂದ ನೀವು ತೆಗೆದ ತೀರ್ಮಾನ ಒಪ್ಪಲ್ಲ. ಒಂದೇ ಟೆಸ್ಟು, ಒಂದೇ ಗೆರೆ ಇಟ್ಟರೆ ಒಳ್ಳೆಯವರು ಆಚೆ ಉಳಿಯುತ್ತಾರೆ, ಅಷ್ಟು ಮಾತ್ರ ಅದು ಹೇಳೋದು. ಶಾಲೆ ಯಾರಿಗೂ ಏನೂ ಮಾಡಬೇಕಿಲ್ಲ ಅಂತ ಅದರಲ್ಲಿ ಎಲ್ಲಿದೆ?

ಮನೆಯಲ್ಲಿ ಕೂರಿಸಿ ಲೆಕ್ಕ ಮಾಡಿಸಿ ಅಂತೀರಿ. ಮಾಡಿಸೋಕೆ ಬರೋ ಅಪ್ಪ ಅಮ್ಮ ಇರೋ ಮನೆಗೆ ಅದು ಸರಿ. ಎರಡೆರಡು ಶಿಫ್ಟ್ ದುಡಿಯೋರ ಮಕ್ಕಳಲ್ಲಿ ಇಂಥ ತಲೆ ಇರಲ್ವಾ? ಪಬ್ಲಿಕ್ ಶಾಲೆ ಇರೋದೇ ಅದಕ್ಕೆ ಅಲ್ವಾ?

ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ ನಡೆದದ್ದು ಕೇಳಿ. ಅಲ್ಲಿ ಮೊದಲು ಟೀಚರ್ ಅಥವಾ ಪೋಷಕರು ಹೆಸರು ಕೊಟ್ಟರೆ ಮಾತ್ರ ಆ ಮಗುವಿಗೆ ಐಕ್ಯೂ ಟೆಸ್ಟ್. 2005ರ ಹೊತ್ತಿಗೆ ಅದನ್ನ ಬದಲಾಯಿಸಿ, ಸೆಕೆಂಡ್ ಗ್ರೇಡಿನ ಎಲ್ಲ ಮಕ್ಕಳಿಗೂ ಒಂದು ಚಿಕ್ಕ ನಾನ್‌ವರ್ಬಲ್ ಟೆಸ್ಟ್ ಇಟ್ಟರು, ಬರೀ ಆಕಾರ, ಬಣ್ಣ, ನಮೂನೆ ಗುರುತಿಸೋದು. ಅದರಲ್ಲಿ ಚೆನ್ನಾಗಿ ಮಾಡಿದವರನ್ನ ಪೂರ್ತಿ ಐಕ್ಯೂ ಟೆಸ್ಟಿಗೆ ಕಳಿಸಿದರು. ಕೊನೆಯ ಗೆರೆಯನ್ನ ಒಂದು ಚೂರೂ ಇಳಿಸಲಿಲ್ಲ. ಆದರೂ ಬಡ ಮನೆಯ ಮಕ್ಕಳು, ಇಂಗ್ಲಿಷ್ ಇನ್ನೂ ಕಲೀತಾ ಇರೋ ಮಕ್ಕಳು ಗಿಫ್ಟೆಡ್ ಆಗಿ ಗುರುತಾಗೋ ಪ್ರಮಾಣ ಶೇಕಡಾ 180 ಏರಿತು. ಕಪ್ಪು ಮಕ್ಕಳಲ್ಲಿ ಶೇಕಡಾ 80, ಹಿಸ್ಪಾನಿಕ್ ಮಕ್ಕಳಲ್ಲಿ 130. ಅವರೆಲ್ಲ ಅದೇ ಶಾಲೆಗಳಲ್ಲಿ ಮೊದಲೂ ಕೂತಿದ್ದ ಮಕ್ಕಳೇ, ಯಾರೂ ಹೆಸರು ಕೊಟ್ಟಿರಲಿಲ್ಲ ಅಷ್ಟೇ. ಆಮೇಲೆ ಆರ್ಥಿಕ ಹಿಂಜರಿತ ಬಂತು, ದುಡ್ಡಿಲ್ಲ ಅಂತ ಅದನ್ನ ಕೈಬಿಟ್ಟರು, ಅಂಕಿ ಮತ್ತೆ ಹಳೇ ಜಾಗಕ್ಕೆ ಬಂದು ನಿಂತಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೋ ಅನ್ನೋ ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. ಕಾರ್ಡ್ ಅಂದ್ರೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರೇ.

ಟೀಚರ್ ಹೆಸರು ಕೊಡೋದನ್ನೇ ನಂಬಿದರೆ ಇನ್ನೊಂದು ತೊಂದರೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ 2016ರಲ್ಲಿ ತೋರಿಸಿದ್ದು: ಅಂಕ ಒಂದೇ ಇದ್ದರೂ ಕಪ್ಪು ಮಕ್ಕಳು ಗಿಫ್ಟೆಡ್ ಪ್ರೋಗ್ರಾಂಗೆ ಹೋಗೋದು ಬಿಳಿ ಮಕ್ಕಳಿಗಿಂತ ಕಡಿಮೆ, ಕಪ್ಪು ಟೀಚರ್ ಇರೋ ಕ್ಲಾಸಿನಲ್ಲಿ ಆ ಅಂತರ ಸಣ್ಣದಾಗುತ್ತೆ. ಟೀಚರುಗಳನ್ನ ಬೈಯ್ತಾ ಇಲ್ಲ. ಶಾಂತವಾಗಿ ಕೂತು ನೀಟಾಗಿ ಬರೆಯೋ ಮಗು ಎಲ್ಲರ ಕಣ್ಣಿಗೂ ಬೇಗ ಬೀಳುತ್ತೆ. ಹಾಳೆಯ ಹಿಂದೆ ಬರೆಯೋ ಮಗು ಬೀಳಲ್ಲ.

ಸೆಕೆಂಡ್‌ಗ್ರೇಡ್_ಅಮ್ಮ, ನಿಮ್ಮ ಡಿಸ್ಟ್ರಿಕ್ಟ್ ಎಲ್ಲರಿಗೂ ಟೆಸ್ಟ್ ಕೊಡ್ತಾ ಇದೆ, ಅದು ಅರ್ಧ ಒಳ್ಳೆಯ ಕೆಲಸ. ಉಳಿದರ್ಧ, ಗೆರೆ ಎಲ್ಲಿ ಎಳೀತಾರೆ ಅನ್ನೋದು. ಅವರು ಇಡೀ ದೇಶದ ಮಕ್ಕಳ ಜೊತೆ ಹೋಲಿಸ್ತಾ ಇದ್ದಾರಾ, ಇಲ್ಲ ಅದೇ ಶಾಲೆಯ ಮಕ್ಕಳ ಜೊತೆ ಹೋಲಿಸ್ತಾರಾ ಅಂತ ಕೇಳಿ. ಎರಡನೆಯದಕ್ಕೆ ಲೋಕಲ್ ನಾರ್ಮ್ ಅಂತಾರೆ. ಈ ಕ್ಲಾಸಿನ ಪಾಠ ಯಾರಿಗೆ ಸಾಲ್ತಾ ಇಲ್ಲ ಅನ್ನೋದೇ ಪ್ರಶ್ನೆ ಆದಾಗ ದೇಶದ ಸರಾಸರಿ ಕಟ್ಟಿಕೊಂಡು ಮಾಡೋದೇನು? ಶ್ರೀಮಂತ ಬಡಾವಣೆಯ ಶಾಲೆಯಾದರೆ ಲೋಕಲ್ ನಾರ್ಮ್‌ನಿಂದ ನಿಮಗೆ ನಷ್ಟವೇ ಆಗಬಹುದು, ಅದನ್ನೂ ಹೇಳಿಬಿಡ್ತೀನಿ.

ಎರಡೂ_ಇರೋ_ಮಗನ_ಅಮ್ಮ

ಒಂದೇ ಮಾತು ಸೇರಿಸ್ತೀನಿ. ವರ್ಬಲ್ ಯಾಕೆ ಕೆಳಗಿದೆ ಅನ್ನೋದನ್ನ ಬರೀ ಭಾಷೆಯ ಮೇಲೆ ಹಾಕಿ ಸುಮ್ಮನಾಗಬೇಡಿ ಅಕ್ಕಾ.

ನನ್ನ ಮಗನಿಗೆ ಡಿಸ್‌ಲೆಕ್ಸಿಯಾ. ಥರ್ಡ್ ಗ್ರೇಡ್ ಮುಗಿಯೋ ತನಕ ಯಾರಿಗೂ ಗೊತ್ತಾಗಲಿಲ್ಲ. ಬುದ್ಧಿ ಚುರುಕು ಅಲ್ವಾ, ಚಿತ್ರ ನೋಡಿ, ಮೊದಲ ಅಕ್ಷರ ನೋಡಿ, ಉಳಿದದ್ದು ಊಹೆ ಮಾಡಿ ಓದಿಬಿಡೋನು. ಓದಿನಲ್ಲಿ ಸರಾಸರಿ ಬರ್ತಾ ಇತ್ತು, ಹಾಗಾಗಿ ಸಹಾಯ ಬೇಡ ಅಂದರು. ಗಿಫ್ಟೆಡ್ ಕಟ್-ಆಫೂ ಮುಟ್ಟಲಿಲ್ಲ, ಹಾಗಾಗಿ ಅದೂ ಬೇಡ ಅಂದರು. ಒಂದು ಇನ್ನೊಂದನ್ನ ಮುಚ್ಚಿ ಹಾಕಿತ್ತು. ಇಂಥ ಮಕ್ಕಳಿಗೆ ಟ್ವೈಸ್ ಎಕ್ಸೆಪ್ಶನಲ್ ಅಂತಾರೆ, ಶಾಲೆಯವರು ಚಿಕ್ಕದಾಗಿ ಟು-ಇ ಅಂತಾರೆ. ಗೊತ್ತಿಲ್ಲದ ಪುಸ್ತಕ, ಚಿತ್ರ ಇಲ್ಲದ ಪುಟ ಕೊಟ್ಟು ಜೋರಾಗಿ ಓದಿಸಿ ನೋಡಿ. ತಡವರಿಸದೆ ಓದಿದರೆ ಸಂತೋಷ, ಬಿಟ್ಟುಬಿಡಿ. ಚಿಕ್ಕ ಚಿಕ್ಕ ಪದಗಳನ್ನೇ ಅದಲು ಬದಲು ಓದ್ತಾ ಇದ್ದರೆ, ಪೂರ್ತಿ ಮೌಲ್ಯಮಾಪನ ಮಾಡಿ ಅಂತ ಶಾಲೆಗೆ ಬರೆದು ಕೇಳಿ. ಈ ವಿಷಯದಲ್ಲಿ ಮಾತ್ರ ದೇಶದ ಕಾನೂನು ನಿಮ್ಮ ಕಡೆ ಇದೆ. ಮೌಲ್ಯಮಾಪನಕ್ಕೆ ದುಡ್ಡು ಕೇಳೋ ಹಾಗಿಲ್ಲ, ಮಾಡಲ್ಲ ಅಂದ್ರೆ ಯಾಕೆ ಅಂತ ಬರೆದುಕೊಡಬೇಕು.

ಗ್ರೇಡ್_ಹಾರಿದವಳ_ಅಪ್ಪ

ನಮ್ಮ ಮಗಳು ಫೋರ್ತ್ ಗ್ರೇಡ್ ಹಾರಿ ನೇರ ಫಿಫ್ತಿಗೆ ಹೋದವಳು. ಅದರ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೀತಾ ಇದ್ದೀನಿ.

ಕ್ಲಾಸ್ ಹಾರೋದು ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಪಾಪ ಫ್ರೆಂಡ್ಸ್ ಗತಿ ಏನು ಅಂತ. ಅಯೋವಾ ವಿಶ್ವವಿದ್ಯಾಲಯದಿಂದ 2004ರಲ್ಲಿ ಇದರ ಬಗ್ಗೆ ದೊಡ್ಡ ವರದಿಯೇ ಬಂತು, ಅಷ್ಟೂ ವರ್ಷದ ಸಂಶೋಧನೆ ಒಟ್ಟು ಹಾಕಿ. ಸರಿಯಾಗಿ ಆರಿಸಿ ಮುಂದೆ ಹಾಕಿದ ಮಕ್ಕಳು ಓದಿನಲ್ಲೂ ಚೆನ್ನಾಗಿರ್ತಾರೆ, ಗೆಳೆತನದಲ್ಲೂ ಹಿಂದೆ ಬೀಳಲ್ಲ ಅನ್ನೋದು ಅದರ ಸಾರ. ಶಾಲೆಗೆ ಖರ್ಚೂ ಹೆಚ್ಚುಕಡಿಮೆ ಇಲ್ಲ. ಆದರೂ ಕ್ಲಾಸ್ ಹಾರಿಸೋದು ಅಂದ್ರೆ ಶಾಲೆಗಳು ಹಿಂಜರೀತಾವೆ. ನಮ್ಮ ಪ್ರಿನ್ಸಿಪಾಲ್ ಮೊದಲ ಮೀಟಿಂಗಿನಲ್ಲಿ ನಾವು ಹಾಗೆಲ್ಲ ಮಾಡಲ್ಲ ಅಂದರು. ಮಾಡಬಾರದು ಅಂತ ಪಾಲಿಸಿ ಇದೆಯಾ, ತೋರಿಸಿ ಅಂದೆ. ಇರಲಿಲ್ಲ.

ಆಮೇಲೆ ಅವರೇ ಅಯೋವಾ ಆಕ್ಸಿಲರೇಶನ್ ಸ್ಕೇಲ್ ತಂದರು. ಅದು ಟೆಸ್ಟಲ್ಲ, ಪ್ರಿನ್ಸಿಪಾಲ್, ಟೀಚರ್, ಸೈಕಾಲಜಿಸ್ಟ್, ನಾವು, ಎಲ್ಲರೂ ಒಂದು ಟೇಬಲ್ಲಿಗೆ ಕೂತು ತುಂಬೋ ಫಾರಂ. ಸ್ಕೋರು, ಓದು, ಹಾಜರಿ, ಸ್ವಭಾವ, ದೊಡ್ಡ ಮಕ್ಕಳ ಜೊತೆ ಹೇಗಿರ್ತಾಳೆ, ಎಲ್ಲ ಕೇಳುತ್ತೆ. ನನಗೆ ಇಷ್ಟ ಆಗಿದ್ದು ಎರಡು ವಿಷಯ. ಅಣ್ಣನೋ ಅಕ್ಕನೋ ಆ ಮುಂದಿನ ಗ್ರೇಡಿನಲ್ಲೇ ಇದ್ದರೆ ಬೇಡ ಅನ್ನುತ್ತೆ. ಮಗುವಿಗೇ ಇಷ್ಟ ಇಲ್ಲದಿದ್ದರೂ ಬೇಡ ಅನ್ನುತ್ತೆ, ಅಪ್ಪ ಅಮ್ಮ ಎಷ್ಟೇ ಕುಣಿದರೂ. ನಮ್ಮವಳನ್ನ ಒಳಗೆ ಕರೆದು, ನಮ್ಮನ್ನ ಆಚೆ ಕೂರಿಸಿ ಕೇಳಿದರು.

ಕಷ್ಟ ಇರಲಿಲ್ಲ ಅಂತಲ್ಲ. ಫೋರ್ತ್ ಗ್ರೇಡಿನಲ್ಲಿ ಹೇಳಿಕೊಡೋ ಭಿನ್ನರಾಶಿ ತಪ್ಪಿಹೋಗಿತ್ತು, ಬೇಸಿಗೆ ರಜೆಯಲ್ಲಿ ಕೂತು ಮಾಡಿದೆವು. ಕೈಬರಹ ಚಿಕ್ಕ ಮಕ್ಕಳ ಥರ ಇತ್ತು, ಉದ್ದ ಪ್ರಬಂಧ ಬರೆಯೋವಾಗ ಕೈ ನೋಯ್ತಿತ್ತು. ಆಟದ ಪೀರಿಯಡ್ಡಿನಲ್ಲಿ ಅವಳೇ ಎಲ್ಲರಿಗಿಂತ ಗಿಡ್ಡ, ಅದು ಅವಳಿಗೆ ಈಗಲೂ ಕೋಪ.

ನಿಮ್ಮ ಮಗಳಿಗೆ ಪೂರ್ತಿ ಹಾರಿಸೋದು ಬೇಡ ಅಂತ ನನ್ನ ಅನಿಸಿಕೆ. ಅವಳದು ಗಣಿತ ಒಂದೇ ಬಹಳ ಮುಂದೆ. ಒಂದು ವಿಷಯಕ್ಕೆ ಮುಂದೆ ಹಾಕಿಸಿದರೆ ಸಾಕು. ಇನ್ನೊಂದು, ಅವಳು ಗಣಿತದಲ್ಲಿ ಎಲ್ಲಿದ್ದಾಳೆ ಅಂತ ತಿಳಿಯೋಕೆ ಸೆಕೆಂಡ್ ಗ್ರೇಡಿನ ಪೇಪರ್ ಕೊಟ್ಟರೆ ನೂರಕ್ಕೆ ನೂರು ಬರುತ್ತೆ, ಏನೂ ಗೊತ್ತಾಗಲ್ಲ. ಥರ್ಡ್ ಅಥವಾ ಫೋರ್ತಿನದ್ದು ಕೊಡಿ ಅನ್ನಿ. ಜಾನ್ಸ್ ಹಾಪ್ಕಿನ್ಸ್‌ನ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಶುರು ಮಾಡಿದ್ದೂ ಇದನ್ನೇ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಕಾಲೇಜು ಸೇರೋರು ಬರೆಯೋ ಎಸ್‌ಎಟಿ ಗಣಿತ ಕೊಟ್ಟ. ಮೇಲಿನ ಪೇಪರ್ ಕೊಟ್ಟಾಗಲೇ ಯಾರು ಎಷ್ಟು ಮುಂದಿದ್ದಾರೆ ಅಂತ ಕಂಡಿದ್ದು.

ಹಳೇ_ಅಪ್ಪ

ಗಣಿತಕ್ಕೆ ಮಾತ್ರ ಥರ್ಡ್ ಗ್ರೇಡಿಗೆ ಕಳಿಸೋದಕ್ಕೆ ನನ್ನ ತಕರಾರಿಲ್ಲ. ಅದರಲ್ಲಿ ಪಟ್ಟ ಇಲ್ಲ, ಕೆಲಸ ಇದೆ. ನಾನು ಬೇಡ ಅಂದಿದ್ದು ಪಟ್ಟ. ಅಂಕಿಅಂಶ_ಪ್ರಿಯ ಅವರು ಬ್ರೊವಾರ್ಡ್ ವಿಷಯ ಹೇಳಿದ್ದು ಒಳ್ಳೇದಾಯ್ತು, ಆದ್ರೆ ಎಷ್ಟು ಮಕ್ಕಳು ಒಳಗೆ ಬಂದರು ಅನ್ನೋದರ ಜೊತೆ ಒಳಗೆ ಬಂದವರಿಗೆ ಏನು ಕಲಿಸಿದರು ಅಂತಲೂ ಕೇಳಬೇಕಲ್ವಾ.

ಸೆಕೆಂಡ್‌ಗ್ರೇಡ್_ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಮೀಟಿಂಗ್ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಓದಿಸಿ ನೋಡಿದೆ, ತಡವರಿಸದೆ ಓದಿದಳು, ಆ ಚಿಂತೆ ಇಲ್ಲ. ಅಪೀಲಿನ ಅರ್ಜಿ ಕೊಟ್ಟಿದ್ದೀನಿ, ಉತ್ತರ ಬಂದಿಲ್ಲ. ಬಂದರೂ ಸರಿ, ಬರದಿದ್ದರೂ ಸರಿ ಅನ್ನೋ ಹಾಗಾಗಿದೆ ಈಗ. ಪ್ರೋಗ್ರಾಂನಲ್ಲಿ ಸಿಗೋದೇನು ಅಂತ ಕೇಳಿದ್ದಕ್ಕೆ ವಾರಕ್ಕೆ 45 ನಿಮಿಷದ ಪುಲ್-ಔಟ್ ಅಂದರು, ಅದರಲ್ಲಿ ಗಣಿತ ಇಲ್ಲ.

ಮೀಟಿಂಗಿನಲ್ಲಿ ವರ್ಕ್‌ಶೀಟಿನ ಹಿಂದಿನ ಪುಟ ಇಟ್ಟೆ. ಕ್ಲಾಸ್ ಟೀಚರ್ ನೋಡಿ, ಬೇರೆ ಹಾಳೆ ಕೇಳಿದ್ರೆ ಕೊಡ್ತಿದ್ದೆನಲ್ಲ ಅಂದರು, ಸ್ಕ್ಯಾನರ್‌ಗೆ ಹಿಂದಿನ ಬರಹ ಮುಂದೆ ಕಾಣುತ್ತಂತೆ, ಅದಕ್ಕೆ ಬೇಡ ಅಂದಿದ್ದಂತೆ. ಇರಲಿ. ಮ್ಯಾಥ್ ಕೋಚ್ ಅಂತ ಒಬ್ಬರು ಬಂದಿದ್ದರು. ಅವರು ಆ ಚುಕ್ಕಿಗಳನ್ನ ಸುಮಾರು ಹೊತ್ತು ನೋಡಿ, ಈ ಪ್ರಶ್ನೆ ಚಿಹ್ನೆ ಯಾಕೆ ಹಾಕಿದ್ದಾಳೆ, ಮುಂದಿನ ಸಂಖ್ಯೆ ಗೊತ್ತಿಲ್ಲ ಅಂತಲಾ, ಯಾಕೆ ಹೀಗಾಗುತ್ತೆ ಅಂತಲಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮಗಳನ್ನೇ ಕರೆಸಿದರು. ಯಾಕೆ ಯಾವಾಗಲೂ ಎರಡೇ ಜಾಸ್ತಿ ಆಗುತ್ತೆ ಅಂತ ಅರ್ಥ ಆಗಲಿಲ್ಲ ಅಂದಳು. ಆಮೇಲೆ ಮೀಟಿಂಗ್ ಬೇಗ ಮುಗೀತು.

ಥರ್ಡ್ ಗ್ರೇಡಿನ ವರ್ಷದ ಕೊನೆಯ ಪೇಪರ್ ಕೊಟ್ಟು ನೋಡಿದರು. ಭಾಗಾಕಾರದ ಎರಡು ಮೂರು ಲೆಕ್ಕ ಬಿಟ್ಟು ಉಳಿದದ್ದು ಮಾಡಿದ್ದಾಳೆ. ಮುಂದಿನ ಸೋಮವಾರದಿಂದ ಗಣಿತಕ್ಕೆ ಥರ್ಡ್ ಗ್ರೇಡ್ ರೂಮು. ತೊಂದರೆ ಒಂದೇ, ಆ ಪೀರಿಯಡ್ಡಿಗೆ ಇವಳ ಕ್ಲಾಸಿನ ಆಟದ ಪೀರಿಯಡ್ ಅರ್ಧ ತಪ್ಪುತ್ತೆ. ಇವಳು ಅದಕ್ಕೆ ಒಪ್ಪಿಲ್ಲ, ಹಾಗಾಗಿ ವಾರದಲ್ಲಿ ನಾಲ್ಕು ದಿನ ಮಾತ್ರ, ಶುಕ್ರವಾರ ಆಟ ಅಂತ ಒಪ್ಪಂದ ಆಗಿದೆ. ಪ್ರಿನ್ಸಿಪಾಲ್ ಜೊತೆ ಒಪ್ಪಂದ ಮಾಡಿಕೊಂಡಿದ್ದು ಅವಳೇ, ನಾನಲ್ಲ.

ಬೇರೆ ಏನಾದರೂ ಈಗಲೇ ಕೇಳಿಡಬೇಕಾ?

ಕ್ಲಾಸ್‌ರೂಂ_ಕಡೆಯಿಂದ

ಒಳ್ಳೇ ಕೋಚ್ ಸಿಕ್ಕಿದ್ದಾರೆ, ಬಿಡಬೇಡಿ.

ಒಂದು ಕೇಳಿಡಿ. ಇವಳು ಒಂದು ವರ್ಷ ಮುಂದೆ ಹೋದರೆ ಶಾಲೆಯ ಕೊನೆಯ ಗ್ರೇಡಿಗೆ ಬರೋ ಹೊತ್ತಿಗೆ ಅಲ್ಲಿ ಇವಳಿಗೆ ಗಣಿತದ ಕ್ಲಾಸೇ ಇರಲ್ಲ. ಆ ವರ್ಷ ಮಿಡಲ್ ಸ್ಕೂಲಿಗೆ ಬಸ್ಸಿನಲ್ಲಿ ಕಳಿಸ್ತೀರಾ, ಆನ್‌ಲೈನ್ ಕೊಡ್ತೀರಾ, ಟೀಚರನ್ನ ಕರೆಸ್ತೀರಾ ಅಂತ ಈಗಲೇ ಕೇಳಿ. ಬಹಳ ಕಡೆ ಆ ವರ್ಷ ಅದೇ ಪಾಠವನ್ನ ಇನ್ನೊಂದು ಸಲ ಮಾಡಿಸಿಬಿಡ್ತಾರೆ. ಪ್ರಿನ್ಸಿಪಾಲ್ ಬದಲಾದರೆ ಬಾಯಿಮಾತಿನ ಒಪ್ಪಂದ ಯಾರಿಗೂ ನೆನಪಿರಲ್ಲ, ಆದ್ದರಿಂದ ಏನೇ ಹೇಳಿದರೂ ಮಗಳ ಫೈಲಿನಲ್ಲಿ ಬರೆಸಿ, ಒಂದು ಕಾಪಿ ನೀವಿಟ್ಕೊಳ್ಳಿ. ಶುಕ್ರವಾರದ ಆಟವನ್ನೂ ಸೇರಿಸಿ ಬರೆಸಿ.